ಗಾಜಿನೊಳಗಿನ ಕೆಸರು

ತ್ರಿಸ್ತರ ಗೋಳದ ಬಾಗಿಲು ಮುಚ್ಚಿದಾಗ ಸದ್ದೇ ಆಗಲಿಲ್ಲ. ಬೀರಮ್ಮನಿಗೆ ಅದೇ ಬೇಸರ. ಮೂರು ವರ್ಷ ಹಲ್ಲು ಕಡಿದುಕೊಂಡು ಕಾದವಳಿಗೆ ಢಬ್ಬೆಂಬ ಒಂದು ಸದ್ದಾದರೂ ಬೇಕಿತ್ತು. ಗಾಜಿನಾಚೆ, ಮೊಣಕಾಲುದ್ದದ ಅಳಿವೆಯ ಕೆಸರಿನಲ್ಲಿ, ಸಿಗಡಿ ಹೊಂಡಗಳ ಯಜಮಾನ ಗಜಾನನ ಬಾಡಕರ ಪಂಚೆ ಎತ್ತಿಕಟ್ಟಿ ನಿಂತಿದ್ದ.

ಭೂಮಿಯಲ್ಲಿ ಜೀವ ಇರುವುದು ಬಹಳ ತೆಳುವಾದ ಒಂದು ಸಿಪ್ಪೆಯಲ್ಲಿ. ಗಾಳಿ, ನೀರು, ನೆಲ ಮೂರೂ ಒಂದನ್ನೊಂದು ಮುಟ್ಟುವ ಆ ಸಿಪ್ಪೆಗೆ ಜೀವಗೋಳ ಎಂದು ಹೆಸರು. ಅದರ ಒಂದು ತುಣುಕನ್ನು ಹಾಗೇ ಗಾಜಿನಡಿ ಮುಚ್ಚಿಡುವ ವಿದ್ಯೆಯನ್ನು ವಿಜ್ಞಾನಿ ಶಾಲ್ಮಲಿ ಕಂಡುಹಿಡಿದಿದ್ದಳು. ಆ ಗಾಜಿನ ಗುಮ್ಮಟವೇ ತ್ರಿಸ್ತರ ಗೋಳ. ಬಿಸಿಲೊಂದನ್ನು ಬಿಟ್ಟು ಒಳಗೆ ಏನೂ ಹೋಗದು, ಹೊರಗೆ ಏನೂ ಬಾರದು. ಭರತ ಇಳಿತಕ್ಕೆ ಒಳಗೇ ಪಂಪು, ಒಂದು ಅಟ್ಟ, ವರ್ಷಕ್ಕಾಗುವಷ್ಟು ಅಕ್ಕಿ. ಆಕೆ ಮಾಡಿದ್ದು ಅಧ್ಯಯನಕ್ಕೆ, ಸರ್ಕಾರ ಬಳಸಿದ್ದು ಶಿಕ್ಷೆಗೆ. ಹಾಳು ಮಾಡಿದವನು ಆ ಹಾಳಿನಲ್ಲೇ ಒಂದು ವರ್ಷ ಬದುಕಲಿ ಎಂಬ ಕಾನೂನು ಬಂತು. ಸಾಕ್ಷಿ ಬೇಕಿಲ್ಲ, ಊರಿನ ಮುಕ್ಕಾಲು ಮಂದಿ ಬೆರಳು ತೋರಿದರೆ ಸಾಕು.

ಬೀರಮ್ಮನ ಊರು ಹೊಸಕುರ್ವೆಯಲ್ಲಿ ಎಲ್ಲರೂ ಗಜಾನನನತ್ತ ತೋರಿದರು. ಗಜಾನನನ ಹೊಂಡದ ನೀರು ಅಳಿವೆಗೇ ಬೀಳುತ್ತಿತ್ತಲ್ಲ. ಇಳಿತದಲ್ಲಿ ಹೆಂಗಸರು ಅಂಗಾಲಿನಿಂದ ತಡಕಿ ಹೆಕ್ಕುತ್ತಿದ್ದ ಬಳಚು, ಆ ಚಿಪ್ಪಿನ ಜೀವ, ಅಳಿವೆಯ ದಿಬ್ಬದ ತುಂಬ ಬಾಯಿ ತೆರೆದು ಸತ್ತಿತ್ತು. ಬಳಚು ಹೋದ ಮೇಲೆ ಬೀರಮ್ಮನ ಗಂಡ ಮಂಜು ಹೊಟ್ಟೆಪಾಡಿಗೆ ಆಳಸಮುದ್ರಕ್ಕೆ ಹೋದ. ಹೋದವನು ಬರಲಿಲ್ಲ.

"ವರ್ಷ ಸಾಲೂದಿಲ್ಲ, ಡಾಕ್ಟ್ರೇ," ಎಂದಳು ಬೀರಮ್ಮ, ಪಕ್ಕದಲ್ಲಿದ್ದ ಶಾಲ್ಮಲಿಗೆ. "ಅವ ಸಾಯೂದೂ ಬ್ಯಾಡ. ಆ ಕೆಸರೊಳಗೇ ಕೊಳೀಲಿ."

ದಿನಾ ಇಳಿತದ ಹೊತ್ತಿಗೆ ಬಂದು, ಎಲೆಯಡಿಕೆ ಹಾಕಿಕೊಂಡು, ಗಾಜಿನ ಮುಂದೆ ಕೂರುತ್ತಿದ್ದಳು. ಒಳಗಿನವನು ಕೈಮುಗಿಯುತ್ತಿದ್ದ, ಕೆಲವು ದಿನ ಬೈಯುತ್ತಿದ್ದ, ಒಮ್ಮೆ ಅತ್ತೂ ಬಿಟ್ಟ. ಅವತ್ತು ಅವಳು ಎರಡು ತುತ್ತು ಹೆಚ್ಚು ಉಂಡಳು.

ಎಂಟನೆಯ ತಿಂಗಳಲ್ಲಿ ಗಜಾನನ ಕೆಸರಿಗೆ ಕೈಹಾಕಿ ಒಂದು ಬೊಗಸೆ ಬಳಚು ಎತ್ತಿ ತೋರಿಸಿದ. ಬೇಯಿಸಿ, ಅವಳೆದುರೇ ಚಪ್ಪರಿಸಿ ತಿಂದ.

ಬೀರಮ್ಮನ ಮೈಯೆಲ್ಲ ಉರಿಯಿತು. "ಯಾರೋ ಒಳಗೆ ಕೊಟ್ಟಿದ್ರು," ಎಂದು ಶಾಲ್ಮಲಿಯ ಮೇಲೆ ಹರಿಹಾಯ್ದಳು.

"ಗಾಳಿಯೇ ಹೋಗದ ಕಡೆ ಬಳಚು ಹೇಗೆ ಹೋದೀತು ಬೀರಮ್ಮನವರೆ? ಬೀಜ ಆ ಕೆಸರಲ್ಲೇ ಇತ್ತು. ಹಳೆಯ ವಿಷ ಮೆಲ್ಲಗೆ ಕರಗಿದೆ, ಹೊಸದು ಬಿದ್ದಿಲ್ಲ. ಹೊರಗಿನ ದಿಬ್ಬದಲ್ಲಿ ಇನ್ನೂ ಒಂದು ಬಳಚೂ ಇಲ್ಲ, ಅಂದರೆ ಅಲ್ಲಿಗೆ ಇವತ್ತಿಗೂ ಬೀಳುತ್ತಿದೆ."

"ಅವ್ನ ಹೊಂಡದ್ದೇ ಇರೂದು."

"ಅವರ ಹೊಂಡ ಬತ್ತಿ ಎಂಟು ತಿಂಗಳಾಯಿತು."

ಸಾಕ್ಷಿ ಬೇಡದ ಕಾನೂನಾದ್ದರಿಂದ ಅಷ್ಟು ದಿನ ಯಾರೂ ನೀರು ಪರೀಕ್ಷಿಸಿರಲಿಲ್ಲ. ಈಗ ಶಾಲ್ಮಲಿ ಪರೀಕ್ಷಿಸಿದಳು. ಸಿಕ್ಕಿದ್ದು ತವರದ ವಿಷ, ದೋಣಿಯ ತಳಕ್ಕೆ ಬಳಿಯುವ ಬಣ್ಣದ್ದು. ಮಳೆಗಾಲದ ಬಿಡುವು ಮುಗಿದು ದೋಣಿ ಮತ್ತೆ ಕಡಲಿಗಿಳಿಯುವ ನೂಲ ಹುಣ್ಣಿಮೆಗೆ ಮುಂಚೆ ಊರಿನ ದೋಣಿಗಳನ್ನೆಲ್ಲ ಬಳಚಿನ ದಿಬ್ಬಕ್ಕೇ ಏರಿಸಿ, ಹಳೆಯ ಬಣ್ಣ ಕೆರೆದು ಹೊಸದು ಹಚ್ಚುವುದು ಅಲ್ಲಿನ ಪದ್ಧತಿ. ಇಳಿತದಲ್ಲಿ ದೋಣಿ ನೆಟ್ಟಗೆ ನಿಲ್ಲುವುದು ಅಲ್ಲಿ ಮಾತ್ರ. ಕೆರೆದ ಪುಡಿ ಅಲ್ಲೇ ಬೀಳುತ್ತಿತ್ತು, ಹಚ್ಚಿದ್ದು ವರ್ಷವಿಡೀ ನೀರಿಗೆ ಬಿಡುತ್ತಿತ್ತು.

"ದೋಣಿಗೆ ಚಿಪ್ಪು ಅಂಟದಂತೆ ಮಾಡುವ ವಿಷ ಬಳಚನ್ನು ಬಿಟ್ಟೀತೇ?" ಎಂದಳು ಶಾಲ್ಮಲಿ.

ನಾಲ್ಕು ವರ್ಷದ ಹಿಂದೆ ಆ ಹೊಸ ಬಣ್ಣವನ್ನು ಬಂದರಿನಿಂದ ಮೊದಲು ತಂದವನು ಮಂಜು. ಕೆರೆದವಳು ಬೀರಮ್ಮ. ಕಂಡವರ ಮೇಲೆ ಗೂಬೆ ಕೂರಿಸಿದ್ದಾಗಿತ್ತು. ಗಂಡನ ಸಾವಿಗೆ ಬೈಯಲು ಇನ್ನು ಯಾರೂ ಉಳಿದಿರಲಿಲ್ಲ.

ತಪ್ಪು ಬೆರಳು ತೋರಿದವರಲ್ಲಿ ಒಬ್ಬರು ಉಳಿದ ಶಿಕ್ಷೆ ಅನುಭವಿಸಬೇಕೆಂದು ಕಾನೂನಿನಲ್ಲೇ ಇತ್ತು. ಯಾರು ಎಂಬುದನ್ನು ಆರಿಸುವವನು ಗಜಾನನ. ಅವನು ಕ್ಷಣವೂ ಯೋಚಿಸಲಿಲ್ಲ.

"ಬೀರಮ್ಮನೇ ಆಗ್ಬೇಕು. ನಾಕು ತಿಂಗಳು. ನಾ ಹೊರಗೆ ಕೂತು ನೋಡ್ತೆ."

ಎರಡು ಬಾಗಿಲಿನ ಸಣ್ಣ ಕೋಣೆಯ ಮೂಲಕ, ಗಾಜಿನೊಳಗಿನ ನೀರಿಗೆ ಹೊರಗಿನದು ಒಂದು ಹನಿಯೂ ಬೆರೆಯದಂತೆ, ಅವನು ಹೊರಬಂದ, ಅವಳು ಮೈಕೈ ತೊಳೆದುಕೊಂಡು ಒಳಹೋದಳು. ಗಜಾನನ ಮನೆಯಿಂದ ಕುರ್ಚಿ ತರಿಸಿದ. ಅವಳು ಅಳುವುದನ್ನು ನೋಡಬೇಕೆಂದು ಎಂಟು ತಿಂಗಳು ಕನಸು ಕಂಡವನು.

ಬೀರಮ್ಮ ಸೀರೆ ಎತ್ತಿ ಸಿಕ್ಕಿಸಿ ಕೆಸರಿಗಿಳಿದಳು. ಅಂಗಾಲಿಗೆ ಒಂದು ಬಳಚು ಸಿಕ್ಕಿತು, ಪಕ್ಕದಲ್ಲಿ ಇನ್ನೊಂದು, ಆಚೆ ಒಂದು ರಾಶಿಯೇ. ಅವಳಿಗೆ ಅಳು ಬಂತು, ಆದರೆ ಅದು ಗಜಾನನನಿಗೆ ಬೇಕಾಗಿದ್ದ ಅಳುವಲ್ಲ. ಒತ್ತೊತ್ತಾಗಿದ್ದ ಮರಿಗಳನ್ನು ಕಿತ್ತು ಬಿಡುವಾಗಿ ನೆಡತೊಡಗಿದಳು. ಹೊರಗಿನ ದೋಣಿಗಳ ತಳ ಶುದ್ಧವಾಗುವ ತನಕ ಹೊಸಕುರ್ವೆಯ ಬೀಜವೆಂದರೆ ಇಷ್ಟೇ ಎಂದು ಅವಳಿಗೆ ಗೊತ್ತಿತ್ತು. ಮಂಜು ಮಾಡಿದ್ದನ್ನೂ ತಾನು ಮಾಡಿದ್ದನ್ನೂ ತಿದ್ದಲು ಬೇರೆ ಜಾಗವಿರಲಿಲ್ಲ.

ಗಜಾನನ ಒಂದು ದಿನ ಕೂತ, ಎರಡು ದಿನ ಕೂತ. ಐದನೆಯ ದಿನ ತಾಳಲಾರದೆ ಎದ್ದು ಗಾಜು ಬಡಿದ.

"ಒಂದ್ಸಲ ಈಚೆ ತಿರುಗಿಯಾದ್ರೂ ನೋಡೇ."

ಭರತ ಏರುವ ಹೊತ್ತಾಗಿತ್ತು, ಇನ್ನೂ ಎರಡು ಸಾಲು ನೆಡಬೇಕಿತ್ತು. ಬೀರಮ್ಮ ತಿರುಗಲಿಲ್ಲ.