ತಾಯಾನೆಯ ಗಾಯ

“ಫಿನಿಯಾಸ್ ಭಾವನೇ ಒಪ್ಕೊಂಡುಬಿಟ್ರು ಅತ್ತೆ. ಕಲ್ಲಿನ ಆನೆಮರೀನ ಕಡಿದಿದ್ದು ಅವರೇ ಅಂತೆ,” ಎಂದೆ ನಾನು.

ಶುವಾಯಿ ಅತ್ತೆ ಸಾಡ್ಜಾ ಮುದ್ದೆ ಮುರಿಯುತ್ತಿದ್ದವಳು ತಲೆ ಎತ್ತಿದಳು. ಪೊಲೀಸ್ ಕೆಲಸ ಬಿಟ್ಟು ವರ್ಷಗಳಾದವು. ಆದರೂ ನಮ್ಮೂರು ಗುರುವೆಯಲ್ಲಿ ಏನು ಕಳೆದರೂ ಜನ ಮೊದಲು ಬರುವುದು ಇವಳ ಹತ್ತಿರ.

“ಅವನಾ? ಕೋಳಿ ಕುಯ್ಯೋವಾಗ ಕಣ್ಣು ಮುಚ್ಕೊಳ್ಳೋನು?”

“ದೊಡ್ಡಪ್ಪ ಇವತ್ತೇ ಅಂಗಳ ಬಿಟ್ಟು ಹೋಗು ಅಂದಿದ್ದಾರೆ.”

ಅತ್ತೆ ಕೈ ತೊಳೆದಳು.

ಅತ್ತೆಯ ಅಣ್ಣ ಮುಚೇಮ್ವ ದೊಡ್ಡಪ್ಪ ಕಲ್ಲಿನ ಮುಂದೆ ಕೂತಿದ್ದರು. ಘೇಂಡಾಮೃಗ, ಕಾಡುಕೋಣ, ಹದ್ದು—ಅವರು ಕೆತ್ತಿದ ಪ್ರಾಣಿಗಳು ಅರ್ಧ ಲೋಕ ಸುತ್ತಿವೆ. ಈಗ ಬೆರಳು ನಡುಗುತ್ತವೆ. ತಾಯಾನೆ, ಹೊಟ್ಟೆಯ ಕೆಳಗೆ ಮರಿ, ಎರಡೂ ಒಂದೇ ಕಲ್ಲಿನಲ್ಲಿ. ಇದೇ ಕೊನೆಯದು. ನಾಳೆ ಹರಾರೆಯಿಂದ ಲಾರಿ ಬಂದು ಪ್ರದರ್ಶನಕ್ಕೆ ಒಯ್ಯಬೇಕಿತ್ತು. ಬೆಳಿಗ್ಗೆ ಗೋಣಿ ಸರಿಸಿದರೆ ಮರಿ ಇರಲಿಲ್ಲ.

ಅವರ ಮಗಳು ನೆಟ್ಸಾಯಿ ಅಕ್ಕ ಒಲೆಯ ಬಳಿ ಬೂದಿ ಕೆದಕುತ್ತಿದ್ದಳು. ಹೋದ ತಿಂಗಳು ಅವಳ ಕೂಸು ಹುಟ್ಟುವಾಗಲೇ ತೀರಿಕೊಂಡಿತ್ತು. ಅಂಥ ಕೂಸನ್ನು ಹೆಂಗಸರೇ ಹೊಳೆದಂಡೆಯ ಹಸಿಮಣ್ಣಿನಲ್ಲಿ ಮಲಗಿಸಿ ಬರಬೇಕು. ಗಂಡಸರು ಹೋಗುವಂತಿಲ್ಲ. ಯಾರೂ ಜೋರಾಗಿ ಅಳುವಂತಿಲ್ಲ.

ಅವಳ ಗಂಡ ಫಿನಿಯಾಸ್ ಗಂಟು ಕಟ್ಟಿಕೊಂಡು ನಿಂತಿದ್ದ.

“ಅಳಿಯಂದಿರೇ, ಯಾಕೆ ಕಡಿದ್ರಿ?” ಅತ್ತೆ ಕೇಳಿದಳು.

“ಕುಡಿದಿದ್ದೆ.”

“ನಿಮಗೆ ಒಂದು ಲೋಟಕ್ಕೇ ವಾಂತಿ. ಇರ್ಲಿ. ಮರಿ ಎಲ್ಲಿ?”

“ಎಸೆದೆ—ಎಲ್ಲೋ.”

ಅತ್ತೆ ಬಗ್ಗಿ ತಾಯಾನೆಯ ಹೊಟ್ಟೆಯ ಕೆಳಗೆ ಕೈ ಹಾಕಿದಳು. ತುಂಬ ಹೊತ್ತು ತೆಗೆಯಲಿಲ್ಲ.

“ಕಡಿದ ಮೇಲೆ ಮೇಣ ಯಾವ ಬಟ್ಟೇಲಿ ಉಜ್ಜಿದ್ರಿ?”

“ಮೇಣ? ಯಾವ ಮೇಣ?”

ನೆಟ್ಸಾಯಿ ಅಕ್ಕನ ಕೈಯಲ್ಲಿದ್ದ ಕಡ್ಡಿ ನಿಂತಿತು.

“ಅಣ್ಣಾ, ಎಲ್ಲರೂ ಇಲ್ಲದ ಮರೀನೇ ನೋಡಿದ್ರಿ. ಗಾಯ ಯಾರೂ ಮುಟ್ಟಿ ನೋಡ್ಲಿಲ್ಲ. ಈ ಕಲ್ಲು ಹೊಸದಾಗಿ ಕಡಿದ್ರೆ ಬೂದಿ ಬಣ್ಣ. ಉಜ್ಜಿ, ಬೆಂಕೀಲಿ ಕಾಸಿ, ಮೇಣ ಹಚ್ಚಿದ್ರೇನೇ ಕಪ್ಪು. ಇಲ್ಲಿ ಮುಟ್ಟು—ಕೆನ್ನೆ ಥರ ಇದೆ. ಕುಡಿದು ಕಡಿದೋನು ಗಾಯ ಮಾಯಿಸಿ ಹೋಗ್ತಾನಾ?”

ದೊಡ್ಡಪ್ಪ ಮುಟ್ಟಿದರು. ಅವರ ಮುಖ ಬದಲಾಯಿತು. ಆ ಅಂಗಳದಲ್ಲಿ ಗಂಡಸರು ಉಳಿ ಹಿಡಿಯುತ್ತಾರೆ. ಉಜ್ಜುವುದು, ಮೇಣ ಹಚ್ಚುವುದು ಹೆಂಗಸರ ಕೆಲಸ. ದೊಡ್ಡಮ್ಮ ತೀರಿಹೋದ ಮೇಲೆ ಆ ಕೈ ಒಬ್ಬಳದೇ.

“ನೆಟ್ಸಾಯಿ,” ಎಂದಳು ಅತ್ತೆ, ಬಯ್ಯುವ ದನಿಯಲ್ಲಲ್ಲ.

“ದಿನಾ ನಾನೇ ಆ ಮರೀನ ಉಜ್ಜಬೇಕಿತ್ತು ಅತ್ತೆ. ಕಾಲು, ಕಿವಿ, ಎಲ್ಲ.” ಅಕ್ಕ ಬೂದಿಯನ್ನೇ ನೋಡುತ್ತಿದ್ದಳು. “ಕಡಿದೆ. ಆಮೇಲೆ ತಾಯೀನ ಹಾಗೇ ಬಿಡೋಕಾಗ್ಲಿಲ್ಲ.”

“ನನಗೆ ಗೊತ್ತಿತ್ತು,” ಎಂದ ಫಿನಿಯಾಸ್. “ಅವಳ ಉಗುರಲ್ಲಿ ಕಲ್ಲಿನ ಪುಡಿ ಇತ್ತು.”

ದೊಡ್ಡಪ್ಪ ಅವನ ಗಂಟು ಇಸಿದುಕೊಂಡು ಒಳಗಿಟ್ಟು ಬಂದರು. ಮಗಳ ಪಕ್ಕ ನೆಲದ ಮೇಲೆ ಕೂತರು.

“ನಿನ್ನ ಕೂಸಿಗೇ ಅಂತ ಶುರು ಮಾಡಿದ್ದೆ ಕಣೇ. ಅದು ಹೋದ ಮೇಲೂ ನಿಲ್ಲಿಸೋಕೆ ಗೊತ್ತಾಗ್ಲಿಲ್ಲ.” ಅವಳ ಕೈಯಿಂದ ಕಡ್ಡಿ ತೆಗೆದಿಟ್ಟು ಕೇಳಿದರು, “ಮರಿ ಎಲ್ಲಿದೆ?”

“ನನ್ನ ಮಗಳ ಹತ್ರ. ಹಸಿಮಣ್ಣಲ್ಲಿ. ಒಬ್ಳೇ ಇದ್ಲು ಅಪ್ಪ.”

“ಅಲ್ಲಿಗೆ ನಾವು ಗಂಡಸರು ಬರಬಾರದು.” ಹಾಗೆಂದವರು ತಂಗಿಯ ಮುಖ ನೋಡಿದರು. ಫಿನಿಯಾಸನೂ ನೋಡಿದ.

ಅತ್ತೆ ಹೊದ್ದ ಬಟ್ಟೆಯನ್ನು ಭುಜದ ಮೇಲೆ ಎಳೆದುಕೊಂಡಳು.

“ಲಾರಿ ಬಂದ್ರೆ ಕಾಯ್ಲಿ. ನಾಳೆ ಹೊತ್ತು ಮೂಡೋಕೆ ಮುಂಚೆ ನಾನೂ ನೆಟ್ಸಾಯೀನೂ ಹೊಳೆ ಹತ್ರ ಇರ್ತೀವಿ. ಹಿಂದೆ ಯಾರ್ಯಾರು ಬಂದ್ರು ಅಂತ ನಾನು ತಿರುಗಿ ನೋಡಲ್ಲ.”