ಎರಡನೇ ಮಹಡಿಯ ತಂತಿಪೆಟ್ಟಿಗೆ

ಯುಲಾನ್ ಸತ್ತದ್ದು ಮಧ್ಯಾಹ್ನ, ಕೆಳಗೆ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ. ಗಂಜಿಯ ಬಟ್ಟಲು ಹಿಡಿದು ಮೂರನೇ ಮಹಡಿಗೆ ಹತ್ತಿದ ಗಂಡ ಚುನ್‌ಮು ಕೆಳಗೆ ಇಳಿಯಲಿಲ್ಲ. ಒಲೆಯ ಮೇಲೆ ಮೀನುಂಡೆಯ ಸಾರು ಉಕ್ಕಿ ಹರಿಯಿತು. ಗಿರಾಕಿ ಹೆಂಗಸೊಬ್ಬಳು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು. ಉತ್ತರವಿಲ್ಲ. ಎದುರು ಸಾಲಿನ ಪೊಲೀಸ್ ಠಾಣೆಗೆ ಓಡಿದಳು.

ಬಂದವನು ಲಾಯ್. ಕೀಲುಂಗ್ ಬಂದರಿನ ಮೇಲಿನ ಈ ಗುಡ್ಡದ ಓಣಿಯಲ್ಲೇ ತಲೆ ನರೆತ ಪೊಲೀಸಿನವನು. ಚುನ್‌ಮುವಿನ ಸಾರು ಕುಡಿಯದೆ ಅವನಿಗೆ ಬೆಳಗಾಗುತ್ತಿರಲಿಲ್ಲ.

ಯುಲಾನಳ ಮೂಗಿನ ಆಮ್ಲಜನಕದ ಕೊಳವೆ ಜಾರಿತ್ತು. ಬಲಗೈಯಲ್ಲಿ ಕರೆಗಂಟೆಯ ಗುಂಡಿ. ಹೆಬ್ಬೆರಳು ಅದನ್ನು ಒತ್ತಿಹಿಡಿದೇ ಬಿಗಿದುಕೊಂಡಿತ್ತು. ಚುನ್‌ಮು ಆ ಬೆರಳನ್ನು ಮೆಲ್ಲಗೆ, ನೋವಾದೀತು ಎನ್ನುವ ಹಾಗೆ, ಬಿಡಿಸುತ್ತಿದ್ದ.

“ಮುಟ್ಬೇಡ ಅಣ್ಣ. ಡಾಕ್ಟ್ರು ಬರ್ಲಿ.”

“ಕರ್ದಿದಾಳೆ ಕಣೋ ಲಾಯ್. ನನ್ನ ಕರ್ದಿದಾಳೆ. ಕೆಳಗೆ ಗಂಟೆ ಬಡೀಲೇ ಇಲ್ಲ.”

“ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ.”

“ಬಡೀಲಿಲ್ಲ ಅಂದೆನಲ್ಲ! ನಾನು ಹಾಕಿದ ತಂತಿ. ನಾನೇ ಕೊಂದೆ ಅವಳನ್ನ.”

* * *

ಆ ತಂತಿಯ ಕಥೆ ಓಣಿಗೆಲ್ಲ ಗೊತ್ತಿತ್ತು.

ಯುಲಾನಳ ಶ್ವಾಸಕೋಶ ಸೋತಿತ್ತು. ಆಸ್ಪತ್ರೆಯವರು ಬೆರಳಿಗೆ ಕಚ್ಚಿಸುವ ಕ್ಲಿಪ್ಪೊಂದನ್ನೂ ಕೈಯಲ್ಲಿ ಹಿಡಿಯುವ ಗುಂಡಿಯೊಂದನ್ನೂ ಕೊಟ್ಟಿದ್ದರು. ಉಸಿರು ಇಳಿದರೆ ಕ್ಲಿಪ್ಪು ತಾನೇ ಕೂಗುತ್ತದೆ, ಬೆರಳಿಂದ ಕಿತ್ತರೂ ಕೂಗುತ್ತದೆ. ಬೇಕಾದಾಗ ಅವಳೇ ಗುಂಡಿ ಒತ್ತಬಹುದು. ಎರಡೂ ಮನೆಯ ನೆಟ್‌ವರ್ಕಿನಲ್ಲಿ ಹಾದು ಅಂಗಡಿಯ ಗಂಟೆ ಬಡಿಯಬೇಕು. ಆದರೆ ಆ ಮನೆಯಲ್ಲಿ ನೆಟ್‌ವರ್ಕ್ ಎಂಬುದೇ ಇರಲಿಲ್ಲ.

ಚುನ್‌ಮು ಅಂಗಡಿಯಲ್ಲಿ ಒಂದು ವೈಫೈ ಡಬ್ಬಿ ಇಟ್ಟ. ಹಳೆಯ ಕಾಂಕ್ರೀಟು, ಒಳಗೆಲ್ಲ ಕಬ್ಬಿಣ. ಸಿಗ್ನಲ್ಲು ಮೊದಲ ಮೆಟ್ಟಿಲ ತಿರುವಿನಲ್ಲೇ ಸತ್ತಿತು. ಬಲ ಸಾಲದೆಂದು ಇನ್ನೊಂದು ಡಬ್ಬಿ ತಂದು ಮೊದಲಿನದರ ಪಕ್ಕದಲ್ಲೇ ಇಟ್ಟ. ಇದ್ದದ್ದೂ ಹೋಯಿತು.

“ಒಂದೇ ಗೂಡಿಗೆ ಎರಡು ಹುಂಜ ಬಿಟ್ಟಿದ್ದೀಯಲ್ಲೋ ಮಾರಾಯ!” ಎಂದು ನಕ್ಕವನು ಪಕ್ಕದ ಮನೆಯ ಪಾನ್. ಟೆಲಿಫೋನ್ ಕಂಬ ಹತ್ತಿ ಸವೆದ ಮುದುಕ. “ಕೂತಿರೋದಕ್ಕೆ ತಂತಿ, ತಿರುಗಾಡೋದಕ್ಕೆ ಗಾಳಿ. ನಿನ್ನ ಹೆಂಡ್ತಿ ಮಂಚ ತಿರುಗಾಡ್ತದಾ? ಇಲ್ವಲ್ಲ. ಅಲ್ಲೀತನಕ ತಂತೀನೇ ಎಳಿ.”

ಚುನ್‌ಮು ಮೀನಿನ ಪೆಟ್ಟಿಗೆಯ ರಟ್ಟಿನ ಮೇಲೆ ಮನೆಯ ಚಿತ್ರ ಬರೆದ. ಅಳಿಸಿ ಮತ್ತೆ ಬರೆದ. ಅಂಗಡಿಯಿಂದ ಹೊರಗೋಡೆಯ ಮೇಲೆ ಎರಡನೇ ಮಹಡಿಗೆ ಕೇಬಲ್ಲು. ಅಲ್ಲಿ ತಂತಿಗಳನ್ನು ಹಂಚುವ ಒಂದು ಪೆಟ್ಟಿಗೆ. ಅದರಿಂದ ಒಂದು ಕೇಬಲ್ಲು ಹೆಂಡತಿಯ ಮಂಚಕ್ಕೆ, ಇನ್ನೊಂದು ಮಗಳು ಜಿನ್‌ಯೂಳ ಕೋಣೆಯ ವೈಫೈಗೆ. ಚಳಿಗಾಲ ಪೂರ್ತಿ ಗೋಡೆ ಕೊರೆದ. ಗಂಟೆ ಬಡಿದ ದಿನ ಓಣಿಗೆಲ್ಲ ಸಾರು ಹಂಚಿದ.

ಅಂದಿನಿಂದ ಒಂದು ಪದ್ಧತಿ ಬೆಳೆಯಿತು. ಬೆಳಿಗ್ಗೆ ಅಂಗಡಿ ತೆರೆದಾಗ ಯುಲಾನ್ ಒಮ್ಮೆ ಗುಂಡಿ ಒತ್ತುವಳು. ಕೆಳಗೆ ಗಂಟೆ ಬಡಿಯುವುದು. ಚುನ್‌ಮು ಸೌಟಿನಿಂದ ಪಾತ್ರೆಯ ಅಂಚಿಗೆ ಢಣ್ಣನೆ ಹೊಡೆಯುವನು. ಕೇಳಿತು ಎಂದು ಅರ್ಥ.

* * *

ಆ ಮಧ್ಯಾಹ್ನ ಲಾಯ್ ಕರೆಸಿದ ಪಾನ್ ಎರಡನೇ ಮಹಡಿಯ ಪೆಟ್ಟಿಗೆಯನ್ನು ಬಗ್ಗಿ ನೋಡಿದ. ಅದರ ತಲೆಯ ಮೇಲೆ ಹಸಿರು ತಿಂಡಿ ಪೊಟ್ಟಣವೊಂದು ಕೂತಿತ್ತು. ಯಂತ್ರ ತಂಟೆ ಮಾಡದೆ ಜಾಣಮರಿಯಂತಿರಲಿ ಎಂದು ಅಲ್ಲಿನ ಜನ ಇಡುವುದು. ಪಾನ್ ಅದನ್ನು ಪಕ್ಕಕ್ಕೆ ತಳ್ಳಿದ.

“ಯಂತ್ರಕ್ಕೂ ಕುರುಕಲು ತಿಂಡಿ! ನಮ್ಮ ಕಾಲದಲ್ಲಿ ಎಣ್ಣೆ ಬಿಟ್ರೆ ಸಾಕಿತ್ತು.” ಆಮೇಲೆ ಅವನ ನಗು ನಿಂತಿತು. “ಅಯ್ಯೋ, ನೋಡಿಲ್ಲಿ. ಒಂದೇ ಕೇಬಲ್ಲಿನ ಎರಡೂ ತುದೀನ ಇದೇ ಪೆಟ್ಟಿಗೆಗೆ ಚುಚ್ಚಿದಾನೆ. ಅಗ್ಗದ ಪೆಟ್ಟಿಗೆ ಇದು. ಕಳಿಸಿದ್ದೇ ಸುತ್ತಿ ಸುತ್ತಿ ಬಂದು ಪೂರ್ತಿ ಕಟ್ಟಿಕೊಂಡುಬಿಡ್ತದೆ. ಕಲಿಯೋರು ಮಾಡೋ ತಪ್ಪು.”

ಮೆಟ್ಟಿಲ ಮೇಲೆ ನಿಂತವರು ಕೇಳಿಸಿಕೊಂಡರು. ಸಂಜೆಯೊಳಗೆ ಮಾತು ಓಣಿಯ ತುದಿ ಮುಟ್ಟಿತ್ತು. ಮೀನುಂಡೆ ಮಾಡೋನಿಗೆ ತಂತಿ ಕೆಲಸ ಯಾಕೆ ಬೇಕಿತ್ತು?

ಚುನ್‌ಮು ಯಾರಿಗೂ ಎದುರಾಡಲಿಲ್ಲ. ಅಂಗಡಿಯ ಬಾಗಿಲೆಳೆದು ನೆಲದ ಮೇಲೆ ಕೂತ. ಲಾಯ್ ನೀರು ಕೊಟ್ಟರೆ ಕುಡಿಯಲಿಲ್ಲ. ಇವನನ್ನು ಹೀಗೇ ಬಿಟ್ಟರೆ ಹೆಂಡತಿಯ ಹಿಂದೆಯೇ ಹೋಗುತ್ತಾನೆ ಎನಿಸಿತು ಲಾಯ್‌ಗೆ.

ಆದರೆ ಲಾಯ್ ಅಂದು ಬೆಳಿಗ್ಗೆ ಸೌಟಿನ ಸದ್ದನ್ನು ಕಿವಿಯಾರೆ ಕೇಳಿದ್ದ. ಗಂಟೆ ಬಡಿದಿತ್ತು. ಅಂದರೆ ಆ ಕೇಬಲ್ಲು ಆಮೇಲೆ ಚುಚ್ಚಿದ್ದು. ಆಮೇಲೆ ಚುನ್‌ಮು ಒಲೆ ಬಿಟ್ಟು ಕದಲಿಲ್ಲ. ಗಿರಾಕಿಗಳೆಲ್ಲ ಅದಕ್ಕೆ ಸಾಕ್ಷಿ.

ಗಂಟೆ ಬಡಿದ ಮೇಲೆ ಮಹಡಿಯಲ್ಲಿ ಓಡಾಡಿದವರು ಇಬ್ಬರೇ. ಎರವಲು ಏಣಿ ತರಲು ಮೇಲೆ ಹೋದ ಪಾನ್. ಬಂದರಿನ ಕೆಲಸಕ್ಕೆ ಹೊರಡುವ ತನಕ ತನ್ನ ಕೋಣೆಯಲ್ಲಿದ್ದ ಜಿನ್‌ಯೂ.

* * *

“ನಿಂಗೂ ಚುನ್‌ಮುಗೂ ಗೋಡೆ ಜಗಳ ಇತ್ತಂತಲ್ಲ?” ಎಂದು ಕೇಳಿದ ಲಾಯ್.

“ಇತ್ತಪ್ಪ,” ಎಂದ ಪಾನ್. “ಕೇಳದೆ ನನ್ನ ಗೋಡೆಗೆ ಮೊಳೆ ಹೊಡ್ದ. ಬೈದೆ. ಸಿಟ್ಟಿದ್ರೆ ಕೇಬಲ್ಲನ್ನ ನನ್ನ ಗೋಡೆಯಿಂದಲೇ ಕಿತ್ತೆಸೀತಿದ್ದೆ, ಕಳ್ಳನ ಹಾಗೆ ಅವನ ಮನೆಯೊಳಗೆ ಹೋಗಿ ಯಾಕೆ ಚುಚ್ಚಲಿ? ಯುಲಾನ್ ನಂಗೆ ತಂಗಿ ಇದ್ದಂಗೆ ಇದ್ಲು ಕಣೋ.”

ಮುದುಕನ ಕಣ್ಣು ತುಂಬಿತು.

ಲಾಯ್ ಮತ್ತೆ ಮೂರನೇ ಮಹಡಿಗೆ ಹತ್ತಿದ. ಮಂಚದ ಪಕ್ಕದ ಕಸದ ಬುಟ್ಟಿಯಲ್ಲಿ ಹಳದಿ ತಿಂಡಿ ಪೊಟ್ಟಣವೊಂದು ಬಿದ್ದಿತ್ತು. ಖಾಲಿ. ದಿಂಬಿನ ಮೇಲೆ ಮಸಾಲೆಯ ಪುಡಿ.

ಕೆಳಗಿಳಿದು ಚುನ್‌ಮುವನ್ನು ಕೇಳಿದ. “ಅಣ್ಣ, ಪೆಟ್ಟಿಗೆ ಮೇಲೆ ಯಾವ ಬಣ್ಣದ ಪೊಟ್ಟಣ ಇಟ್ಟಿದ್ದೆ?”

“ಹಳದಿ. ಅವಳಿಗೆ ಮಸಾಲೆದೇ ಇಷ್ಟ.”

“ಯಂತ್ರಕ್ಕೆ ಹಸಿರೇ ಇಡಬೇಕು, ಓಡೋ ಯಂತ್ರದ ದೀಪದ ಬಣ್ಣ ಅದು, ಹಳದಿ ಆಗೋದಿಲ್ಲ. ಗೊತ್ತಿಲ್ವಾ?”

“ಬಣ್ಣದಲ್ಲಿ ಏನಿದೆಯೋ,” ಎಂದ ಚುನ್‌ಮು, ಗೋಡೆ ನೋಡುತ್ತ.

ಲಾಯ್ ಮೆಟ್ಟಿಲ ಮೇಲೆ ಕೂತ. ಉತ್ತರ ಸಿಕ್ಕಿತ್ತು. ಸಿಗದಿದ್ದರೆ ಚೆನ್ನಾಗಿತ್ತು.

* * *

ಮರುದಿನ ಜಿನ್‌ಯೂ ತಾಯಿಯ ಫೋಟೋದ ಮುಂದೆ ಕೂತು ಸತ್ತವರಿಗೆ ಅರ್ಪಿಸುವ ಕಾಗದದ ಕಮಲ ಮಡಿಸುತ್ತಿದ್ದಳು. ಪಕ್ಕದಲ್ಲಿ ತಂದೆ. ಲಾಯ್ ಊದುಬತ್ತಿ ಹಚ್ಚಿ, ಕೈಮುಗಿದು, ಎದುರಿಗೆ ಕೂತ.

“ಜಿನ್‌ಯೂ, ಪೆಟ್ಟಿಗೆ ಮೇಲೆ ಹಸಿರು ಪೊಟ್ಟಣ ಇಟ್ಟಿದ್ದು ನೀನು.”

ಮಡಿಸುವ ಕೈ ನಿಂತಿತು.

“ನಿಮ್ಮಪ್ಪಂಗೆ ಬಣ್ಣ ಗೊತ್ತಿಲ್ಲ. ಪಾನ್ ಅದನ್ನ ನಂಬೋದೇ ಇಲ್ಲ. ನೀನು ಬಂದರಿನ ನೆಟ್‌ವರ್ಕ್ ಯಂತ್ರಗಳ ಕೋಣೇಲಿ ಕೆಲಸ ಮಾಡೋಳು. ಅಲ್ಲಿ ಹಸಿರು ಪೊಟ್ಟಣ ಇಲ್ದೆ ಒಂದು ಯಂತ್ರಾನೂ ಇರಲ್ಲ. ನಿನ್ನ ಚೀಲದಲ್ಲಿ ಯಾವಾಗ್ಲೂ ಒಂದಿರ್ತದೆ. ಹಳದೀನ ತಗೊಂಡು ಹೋಗಿ ಅಮ್ಮನಿಗೆ ತಿನ್ನಿಸಿದೆ. ಆ ಜಾಗದಲ್ಲಿ ಹಸಿರು ಇಟ್ಟೆ. ಕೇಬಲ್ಲು ಚುಚ್ಚಿದ್ದೂ ಆಗಲೇ.”

ಜಿನ್‌ಯೂ ಅರ್ಧ ಮಡಿಸಿದ ಕಮಲವನ್ನು ಕೆಳಗಿಟ್ಟಳು.

“ಯಂತ್ರದ ತಲೆ ಬರಿದಾಗಿ ಬಿಡೋಕೆ ಆಗ್ಲಿಲ್ಲ ಮಾಮ,” ಎಂದಳು. “ಕೈ ತಾನೇ ಇಟ್ಬಿಡ್ತು.”

“ಯಾಕಮ್ಮ?”

“ಅಮ್ಮ ಕೇಳಿದ್ಲು. ದಿನಾ ಕೇಳ್ತಿದ್ಲು. ಉಸಿರು ಹೋಗೋ ಹೊತ್ತಿಗೆ ಆ ಕ್ಲಿಪ್ಪು ಕೂಗ್ತದೆ, ಅಪ್ಪ ಓಡ್ಬಂದು ಬದುಕಿಗೆ ಎಳ್ಕೊಂಡು ಬರ್ತಾನೆ, ನಾಳೆ ಮತ್ತೆ ಅದೇ. ಒಂದ್ಸಲ ಹೋಗೋಕೆ ಬಿಡ್ರೇ ಅಂತಿದ್ಲು. ಅಪ್ಪ ಕಿವಿಗೇ ಹಾಕ್ಕೊಳ್ಲಿಲ್ಲ. ತಿಂಡಿ ಬೇಕು ಅಂದ್ಲು, ಕೊಟ್ಟೆ. ಗಂಟೆ ಬಡೀದ ಹಾಗೆ ಮಾಡು ಅಂದ್ಲು, ಅದನ್ನೂ...”

“ಕಲಿಯೋರ ತಪ್ಪಿನ ಹಾಗೆ ಯಾಕೆ ಚುಚ್ಚಿದೆ?”

“ಯಂತ್ರ ಕೈಕೊಡ್ತು ಅಂದ್ಕೊಳ್ತಾನೆ ಅಂತಿದ್ದೆ. ತಾನೇ ತಪ್ಪು ಮಾಡ್ದೆ ಅಂದ್ಕೊಳ್ತಾನೆ ಅಂತ ಹೊಳೀಲಿಲ್ಲ. ಊರೆಲ್ಲ ಅಪ್ಪನ್ನ ಅಂದಾಗ ಬಾಯಿ ಬಿಡೋಕೂ ಆಗ್ಲಿಲ್ಲ.”

ಚುನ್‌ಮು ಮೊದಲ ಬಾರಿಗೆ ತಲೆ ಎತ್ತಿದ. “ನನ್ನ ತಪ್ಪು ಅಂತಲೇ ಬರ್ಕೊ ಲಾಯ್. ಓದಿಲ್ದೋನು, ತಂತಿ ತಪ್ಪಾಗಿ ಚುಚ್ಚಿದೆ. ಎಲ್ಲರೂ ನಂಬಿಯಾಗಿದೆ.”

“ಆಗಲ್ಲ ಅಣ್ಣ.”

“ಒಬ್ಬಳನ್ನ ಕಳಿಸಿಯಾಯ್ತು. ಇವಳನ್ನೂ ಕರ್ಕೊಂಡು ಹೋಗ್ತೀಯಾ?”

ಜಿನ್‌ಯೂ ಎದ್ದು ನಿಂತಳು. ಕಾಗದದ ಚೂರುಗಳು ಮಡಿಲಿಂದ ಉದುರಿದವು. ಅವಳು ತಂದೆಯ ಕಡೆ ತಿರುಗಿದಳು.

“ಅಪ್ಪ, ಮೊದಲು ನೋಡಿದ್ದು ನೀನು. ಅಮ್ಮ ಗುಂಡಿ ಒತ್ತಿರ್ಲಿಲ್ಲ ತಾನೆ? ಸುಮ್ನೆ ಮಲಗಿದ್ಲು ಅಲ್ವಾ?”

ಹೊರಗೆ ಬಂದರಿನಲ್ಲಿ ಹಡಗೊಂದು ಕೂಗಿ ಸುಮ್ಮನಾಯಿತು.

“ಒತ್ತಿರ್ಲಿಲ್ಲ ಮಗಳೇ,” ಎಂದ ಚುನ್‌ಮು. “ಕೈ ಕಂಬಳಿಯೊಳಗೇ ಇತ್ತು. ನಿದ್ದೆ ಮಾಡ್ದಂಗಿದ್ಲು.”

ಜಿನ್‌ಯೂ ಲಾಯ್‌ನ ಮುಖ ನೋಡಿದಳು. ಇಷ್ಟು ವರ್ಷದ ನೌಕರಿಯಲ್ಲಿ ಕಳ್ಳರ ಕಣ್ಣಿಗೆ ಕಣ್ಣು ಕೊಟ್ಟು ನಿಂತವನು ಲಾಯ್. ಅವತ್ತು ಬಗ್ಗಿ ಚಪ್ಪಲಿ ಹುಡುಕಿದ.

ಲಾಯ್, ಜಿನ್‌ಯೂ ಇಬ್ಬರೂ ಠಾಣೆಗೆಂದು ಮೆಟ್ಟಿಲಿಳಿದರು. ತಿರುವಿನಲ್ಲಿ ಅವಳ ಕಾಲು ನಿಂತಿತು. ಗೋಡೆಗೆ ಕೈ ಊರಿದಳು.

“ಅಪ್ಪಂಗೆ ಸುಳ್ಳು ಹೇಳೋಕೆ ಬರಲ್ಲ ಮಾಮ,” ಎಂದಳು. “ಯಾವತ್ತೂ ಬರ್ತಿರ್ಲಿಲ್ಲ.”