ಯೂದನಿಗೆ ಕೊಟ್ಟ ತುತ್ತು

ಗೋಡೆಯ ಚಿತ್ರಕ್ಕೆ ಯೇಸುವಿನ ಶಿಷ್ಯ ಪೇತ್ರನಾಗಿ ಕೂರಲು ಹ್ಯಾಂಡ್‌ಪೋಸ್ಟ್ ಜಂಕ್ಷನ್ ಬಳಿಯ ಆ ಪುಟ್ಟ ಚರ್ಚಿನಲ್ಲಿ ಪೈಪೋಟಿಯೇ ನಡೆದಿತ್ತು. ಯೊವಾನ್ನನಾಗಲು ಕಾಲೇಜು ಹುಡುಗರು ತಲೆ ಬಾಚಿಕೊಂಡು ಬಂದಿದ್ದರು. ಯೇಸುವನ್ನು ಹಿಡಿದುಕೊಟ್ಟ ಯೂದನಾಗಲು ಮಾತ್ರ ಒಬ್ಬರೂ ಬರಲಿಲ್ಲ.

ಪಿರಿಯಾಪಟ್ಟಣದಲ್ಲಿ ಡ್ರಾಯಿಂಗ್ ಟೀಚರಾಗಿದ್ದ ಸಿಸಿಲಿಯಾ, ಪವಿತ್ರ ಗುರುವಾರದೊಳಗೆ ಪೀಠದ ಪಕ್ಕದ ಗೋಡೆಯ ಮೇಲೆ ಯೇಸುವಿನ ಕಡೆಯ ಭೋಜನವನ್ನು ಬರೆದುಕೊಡಲು ಒಪ್ಪಿದ್ದಳು. ಶಿಷ್ಯರಿಗೆಲ್ಲ ಇಲ್ಲಿಯವರದೇ ಮುಖ ಇರಲಿ ಎಂಬುದು ಅವಳ ಆಸೆ.

"ಯೂದನ ಮುಖ ಒಂದಿನಕ್ಕೆ ಸಿಗೋದಲ್ಲ ಫಾದರ್. ವಾರಗಟ್ಟಲೆ ಕೂರೋರು ಬೇಕು," ಎಂದು ಅವಳು ಚರ್ಚಿನ ಪಾದ್ರಿಗೆ ಹೇಳುತ್ತಿದ್ದಾಗ ಬಾಗಿಲ ಕಡೆಯಿಂದ ದನಿ ಬಂತು.

"ನಾನ್ ಕೂತ್ಕತೀನಿ ಬುಡಿ ಟೀಚರೇ."

ಇನ್ನಾಸಪ್ಪ. ಜಂಕ್ಷನ್ನಿನಲ್ಲಿ ಪಂಕ್ಚರ್ ಅಂಗಡಿ ಇಟ್ಟವನು. ಹಿಂದಿನ ವಾರ ಅವಳ ಸ್ಕೂಟಿಯ ಚಕ್ರದಿಂದ ಮೊಳೆ ಕಿತ್ತು, "ಮಡಿಕಳಿ, ಶಿಲುಬೆ ಬರೆಯೋವಾಗ ಬೇಕಾಯ್ತದೆ," ಎಂದು ಅವಳ ಕೈಗಿಟ್ಟವನು. ಅವತ್ತು ಬಂದ ನಗುವನ್ನು ಅವಳು ಹೆಲ್ಮೆಟ್ಟಿನೊಳಗೆ ಬಚ್ಚಿಟ್ಟುಕೊಂಡಿದ್ದಳು.

ದಿನವೂ ಸಂಜೆ ಅವನು ಕೈ ಉಜ್ಜಿ ತೊಳೆದುಕೊಂಡು ಬರುತ್ತಿದ್ದ. ಉಗುರಿನ ಸಂದಿಯ ಗ್ರೀಸು ಮಾತ್ರ ಹೋಗುತ್ತಿರಲಿಲ್ಲ. ಕಿಟಕಿಯ ಬೆಳಕು ಬೀಳುವ ಬೆಂಚಿನ ಮೇಲೆ ಅವನನ್ನು ಕೂರಿಸಿ, ಎದುರಿಗೆ ತಟ್ಟೆ ಇಡುತ್ತಿದ್ದಳು.

"ನನ್ನನ್ನ ನೋಡ್ಬೇಡಿ. ತಟ್ಟೆ ನೋಡಿ."

"ತಟ್ಟೇಲಿ ಏನೂ ಇಲ್ವಲ್ಲ?"

"ಇದೆ ಅಂದ್ಕೊಳ್ಳಿ."

"ಅಂದ್ಕಂಡೆ. ಆದ್ರೂ ಕಣ್ಣು ಅತ್ಲಾಗೇ ಓಯ್ತದೆ."

ಸಿಸಿಲಿಯಾ ಡ್ರಾಯಿಂಗ್ ಬೋರ್ಡನ್ನು ಸ್ವಲ್ಪ ಮೇಲಕ್ಕೆತ್ತಿ ಮುಖ ಮರೆ ಮಾಡಿಕೊಂಡಳು. ಕಿವಿ ಬಿಸಿಯಾಗಿದ್ದು ಅವನಿಗೆ ಕಾಣಬಾರದಲ್ಲ.

"ಎಲ್ರ ತಲೆ ಹಿಂದೂ ಚಿನ್ನದ ಬಳೆ ಬರ್ದಿದ್ದೀರ. ನಂಗಿಲ್ವಾ?"

"ಅದು ಸಂತರಿಗೆ. ಯೂದನಿಗಿಲ್ಲ."

"ಓಗ್ಲಿ ಬುಡಿ. ಬಳೆ ಆಕೊಳೋ ವಯಸ್ಸಲ್ಲ ನಂದು."

ಎಷ್ಟು ತಿದ್ದಿದರೂ ಅವನ ಮುಖದಲ್ಲಿ ಕೇಡು ಕೂರಲಿಲ್ಲ. ಹುಬ್ಬು ಗಂಟಿಕ್ಕಿಸಿದರೂ ಕಣ್ಣು ನಗುತ್ತಿತ್ತು. "ಏನಾದ್ರೂ ಸಂಕಟದ್ದು ಯೋಚನೆ ಮಾಡಿ," ಎಂದಳು.

"ಚಿತ್ರ ಮುಗುದ್ಮೇಲೆ ನೀವು ಈ ಕಡೆ ಬರಲ್ಲ ಅಲ್ವಾ? ಅದ್ನ ಯೋಚ್ನೆ ಮಾಡ್ಲಾ?"

ತಮಾಷೆಗೆಂದು ಶುರು ಮಾಡಿದ ಮಾತು ಮುಗಿಯುವಷ್ಟರಲ್ಲಿ ಅವನ ಮುಖ ನಿಜವಾಗಿಯೇ ಬಾಡಿಹೋಯಿತು. ಅವಳು ಆ ಬಾಡಿದ ಮುಖವನ್ನೇ ಗೋಡೆಗೆಂದು ಬರೆದುಕೊಳ್ಳತೊಡಗಿದಳು.

ಅವಳು ಬರೆಯುತ್ತಿದ್ದಾಗ ಅವನು ಕೇಳಿದ. "ಆ ಊಟದ ದಿನ ಯೇಸುಸ್ವಾಮಿ ಎಲ್ರ ಕಾಲೂ ತೊಳುದ್ರಲ್ಲ ಟೀಚರೇ, ಈ ಯೂದುಂದೂ ತೊಳುದ್ರಾ?"

"ತೊಳೆದ್ರು. ಆಮೇಲೆ ರೊಟ್ಟಿ ಅದ್ದಿ ಇವನಿಗೆ ತುತ್ತು ಕೊಟ್ರು."

"ಇವನು ಇಡ್ಕೊಡ್ತಾನೆ ಅಂತ ಗೊತ್ತಿದ್ದೂ?"

"ಗೊತ್ತಿದ್ದೂ."

ಅವನು ತಲೆ ತಗ್ಗಿಸಿದ. ಮಾರನೆಯ ದಿನ ಸಿಸಿಲಿಯಾ ಗೋಡೆಯ ಮೇಲಿನ ಯೇಸುವಿನ ಕೈಯನ್ನು ಅಳಿಸಿದಳು. ಆಶೀರ್ವಾದಕ್ಕೆ ಎತ್ತಿದ್ದ ಆ ಕೈಯನ್ನು ಯೂದನ ಕಡೆಗೆ ಚಾಚಿಸಿ, ಬೆರಳುಗಳ ನಡುವೆ ಒಂದು ತುತ್ತು ಬರೆದಳು.

ಆ ಭಾನುವಾರ ಇನ್ನಾಸಪ್ಪನನ್ನು ನೋಡಲು ಕೆ.ಆರ್. ನಗರದ ಕಡೆಯ ಹೆಣ್ಣಿನವರು ಚರ್ಚಿನ ಪೂಜೆಗೆ ಬಂದರು. ಗೋಡೆಯ ಮೇಲೆ ಯೂದನಾಗಿದ್ದ ಅವನ ಮುಖ ನೋಡಿದರು. ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಅವನ ತಾಯಿ ಜ್ಞಾನಮ್ಮ ಅಳುತ್ತಲೇ ಸಿಸಿಲಿಯಾಳ ಬಳಿ ಬಂದಳು. "ಊರೋರ್ಗೆಲ್ಲ ಸಂತರ ಮುಖ, ನನ್ ಮಗುಂಗೆ ಇದಾ? ನಾಳೆ ಮೊಮ್ಮಕ್ಕಳ್ನೂ ಯೂದನ ಮಕ್ಳು ಅಂತಾರೆ. ಅಳಿಸ್ಬುಡವ್ವಾ."

ಸಂಬಂಧ ತಪ್ಪಿತೆಂದು ಕೇಳಿದ ಕ್ಷಣ ಸಿಸಿಲಿಯಾಳ ಎದೆ ಹಗುರವಾಗಿತ್ತು. ಹಾಗಾಯಿತಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತು. ನೇರವಾಗಿ ಅಂಗಡಿಗೆ ಹೋದಳು.

"ನಿಮ್ಮ ಮುಖ ಅಳಿಸ್ತೀನಿ. ನನ್ನಿಂದ ನಿಮ್ಮ ಮದುವೆ..."

ಇನ್ನಾಸಪ್ಪ ತೊಟ್ಟಿಯ ನೀರಿನಲ್ಲಿ ಟ್ಯೂಬ್ ಅದ್ದಿ, ಏಳುವ ಗುಳ್ಳೆಗಳನ್ನೇ ನೋಡುತ್ತಿದ್ದ. "ಪೇತ್ರನಾಗಿ ಕೂತಿದ್ರೆ ಒಂದಿನಕ್ಕೇ ಮುಗ್ಸಿ ಕಳಿಸ್ಬುಡ್ತಿದ್ರಿ. ಯೂದುಂಗೆ ವಾರಗಟ್ಲೆ ಬೇಕು ಅಂದ್ರಲ್ಲ, ಅದುಕ್ಕೇ ಕೂತಿದ್ದು." ತಲೆ ಎತ್ತಲಿಲ್ಲ. "ಅವ್ವ ಅಳೋದ ನೋಡಕ್ಕಾಗಲ್ಲ. ಅಳಿಸ್ಬೇಕು ಅಂದ್ರೆ ಅಳ್ಸಿ. ನೀವು ನನ್ನ ಅಷ್ಟು ದಿನ ನೋಡುದ್ರಲ್ಲ, ನಂಗದೇ ಸಾಕು."

ಅವಳು ಹೆಲ್ಮೆಟ್ ಹಾಕಿಕೊಂಡಳು. ಸ್ಕೂಟಿ ತಿರುಗಿಸಿಕೊಂಡು ಸೀದಾ ಅವನ ಮನೆಗೆ ಹೋಗಿ ಜ್ಞಾನಮ್ಮನನ್ನು ಹಿಂದೆ ಕೂರಿಸಿಕೊಂಡು ಚರ್ಚಿಗೆ ಬಂದಳು. ಬಿಳಿ ಪೇಂಟಿನ ಡಬ್ಬಿಯ ಮುಚ್ಚಳ ತೆಗೆದಿಟ್ಟಳು.

"ಒಂದ್ಸಲ ಹತ್ತಿರದಿಂದ ನೋಡಿ ಅಮ್ಮ. ಆಮೇಲೂ ಬೇಡ ಅಂದ್ರೆ ನಿಮ್ಮ ಎದುರಿಗೇ ಬಳಿದುಬಿಡ್ತೀನಿ."

ಜ್ಞಾನಮ್ಮ ನೋಡಿದಳು. ಉಳಿದ ಶಿಷ್ಯರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಯೇಸು ಮಾತ್ರ ಮುಂದಕ್ಕೆ ಬಾಗಿ, ಅವಳ ಮಗನ ಬಾಡಿದ ಮುಖವನ್ನೇ ನೋಡುತ್ತಾ ಬಾಯಿಯ ಹತ್ತಿರ ತುತ್ತು ಹಿಡಿದಿದ್ದರು.

"ಇವ್ನು ಸಣ್ಣೋನಾಗಿದ್ದಾಗ ಮುನಿಸ್ಕಂಡು ಉಣ್ತಿರ್ಲಿಲ್ಲ," ಎಂದಳು ಮೆಲ್ಲಗೆ. "ನಾನೂ ಇಂಗೇ ಬಗ್ಗಿ..." ಮಾತು ನಿಲ್ಲಿಸಿ ಹಣೆ, ಎದೆ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಸಿಸಿಲಿಯಾಳ ಕಡೆ ತಿರುಗಿದಳು.

"ನನ್ ಮಗುನ್ನ ಇಷ್ಟು ಪ್ರೀತಿಯಿಂದ ನೋಡ್ತಿರೋದು ಯಾರವ್ವಾ? ಸ್ವಾಮಿನಾ, ನೀನಾ?"

ಸಿಸಿಲಿಯಾ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟಳು. "ಇಬ್ರೂ, ಅಮ್ಮ. ಆ ಕೆ.ಆರ್. ನಗರದವರು ಸಂಬಂಧ ಬೇಡ ಅಂದ್ರು. ನಾನು ಬೇಡ ಅನ್ನಲ್ಲ."

ಜ್ಞಾನಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೆರಗಿನ ತುದಿಯಿಂದ ಅವಳ ಕೆನ್ನೆಯ ಮೇಲಿದ್ದ ಬಣ್ಣ ಒರೆಸಿದಳು. "ಮೊದ್ಲು ಆ ಡಬ್ಬಿ ಮುಚ್ಚು," ಎಂದು ಹೇಳಿ ಮಗನಿಗೆ ಫೋನ್ ಮಾಡಲು ಹೊರಗೆ ಹೋದಳು.

ಇನ್ನಾಸಪ್ಪ ಕೈ ಕೂಡ ತೊಳೆಯದೆ ಓಡಿ ಬಂದ. ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತಾ ಕೇಳಿದ, "ಅಳಿಸ್ಬುಟ್ರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ನಿಮ್ಮ ಅಮ್ಮನ ಹತ್ರ ನಿಮ್ಮನ್ನ ಕೇಳಿಬಿಟ್ಟೆ."

"ಏನಂತ?"

"ನನಗೆ ಕೊಡಿ ಅಂತ."

ಅವನು ಗೋಡೆ ನೋಡಿದ, ಅವಳನ್ನು ನೋಡಿದ. ಗ್ರೀಸಿನ ಕೈಯಿಂದಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಕಪ್ಪು ಮಾಡಿಕೊಂಡ. ಆ ಮುಖವನ್ನು ವಾರಗಟ್ಟಲೆ ನೋಡಿದ್ದ ಸಿಸಿಲಿಯಾ, ಅದು ಅಳುತ್ತಲೇ ನಗುವುದನ್ನು ಮೊದಲ ಸಲ ನೋಡಿದಳು.